ಖಾಲಿ ಹಾಸಿಗೆಯ ನಾಡಿ

ಕಚೇರಿಯಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಗಂಟಕ್ಕ ಎಂದರೆ ಬಾಗಿಲ ಕಾವಲಿನವನಿಗೂ ಗೊತ್ತು, ಮೇಲಿನ ಮಹಡಿಯ ಯಜಮಾನರಿಗೂ ಗೊತ್ತು. ಮುಖ ಗಂಟು ಹಾಕಿಕೊಳ್ಳುತ್ತಾಳೆಂದು ಬಂದ ಹೆಸರಲ್ಲ ಅದು. ಹಾಗೆಂದು ಆ ವಿದ್ಯೆ ಅವಳಿಗೆ ಬರುತ್ತಿರಲಿಲ್ಲವೆಂದೂ ಅಲ್ಲ, ಚೆನ್ನಾಗಿಯೇ ಬರುತ್ತಿತ್ತು. ಹೆಸರು ಬಂದದ್ದು ಮಾತ್ರ ಕೆಲಸದಿಂದ. ಹನ್ನೊಂದು ವರ್ಷಗಳಿಂದ ಅವಳು ಮಾಡಿಕೊಂಡು ಬಂದದ್ದು ಎರಡೇ ಕೆಲಸ, ಗಂಟು ಕಟ್ಟುವುದು ಮತ್ತು ಗಂಟು ಬಿಚ್ಚುವುದು.

ಬಟ್ಟೆಯ ಗಂಟಲ್ಲ. ಆಸ್ಪತ್ರೆಯಲ್ಲಿ ರೋಗಿಯ ದಿಂಬಿನ ಪಕ್ಕ ಒಂದು ಯಂತ್ರ ಇರುತ್ತದಲ್ಲ, ಬೆರಳಿಗೆ ಕ್ಲಿಪ್ಪು ಕಚ್ಚಿಸಿ ನಾಡಿ ಎಷ್ಟು, ರಕ್ತದಲ್ಲಿ ಆಮ್ಲಜನಕ ಎಷ್ಟು ಎಂದು ತೋರಿಸುವುದು, ಅದು ಸೆಕೆಂಡಿಗೊಮ್ಮೆ ತಾನು ಕಂಡದ್ದನ್ನೆಲ್ಲ ಒಂದು ಪುಟ್ಟ ಸಂದೇಶವಾಗಿ ನೆಟ್‌ವರ್ಕಿನಲ್ಲಿ ಕಳಿಸುತ್ತಿರುತ್ತದೆ. ವಾರ್ಡಿನ ಬಾಗಿಲ ಬಳಿ ನರ್ಸುಗಳ ಮೇಜು. ಅದರ ಮೇಲೆ ದೊಡ್ಡ ಪರದೆ, ಪರದೆಯಲ್ಲಿ ಹಾಸಿಗೆಗೊಂದರಂತೆ ಚೌಕ. ಯಂತ್ರದ ಕಡೆ ಅಂಕಿಗಳನ್ನು ಮೊದಲೇ ಒಪ್ಪಿಕೊಂಡ ಕ್ರಮದಲ್ಲಿ ಒತ್ತಾಗಿ ಜೋಡಿಸಿ ಕಟ್ಟಬೇಕು, ಪರದೆಯ ಕಡೆ ಅದೇ ಕ್ರಮದಲ್ಲಿ ಬಿಚ್ಚಿ ಹರಡಬೇಕು. ಕಟ್ಟುವುದಕ್ಕೆ ಎನ್‌ಕೋಡಿಂಗ್ ಅನ್ನುತ್ತಾರೆ, ಬಿಚ್ಚುವುದಕ್ಕೆ ಡಿಕೋಡಿಂಗ್. ಈ ಎರಡನ್ನೂ ಮಾಡುವ ಲೈಬ್ರರಿಯನ್ನು ಬರೆದವಳು ಗಂಟಕ್ಕ. ಲೈಬ್ರರಿ ಎಂದರೆ, ಬೇರೆ ಪ್ರೋಗ್ರಾಮರುಗಳು ತಾವೇ ಬರೆಯುವ ತಾಪತ್ರಯ ಬೇಡವೆಂದು ಎತ್ತಿ ಬಳಸಿಕೊಳ್ಳುವ ಸಿದ್ಧ ಕೋಡು. ಗಂಡನ ಮನೆಯ ಕಡೆಯವರಿಗೆ ಇದನ್ನು ವಿವರಿಸಿ ಸುಸ್ತಾಗಿ ಅವಳು ಕೈಬಿಟ್ಟಿದ್ದಳು. ಓರಗಿತ್ತಿಯಂತೂ ಕಂಡಾಗಲೆಲ್ಲ, "ನಿಮ್ಮ ಲೈಬ್ರರಿಯಿಂದ ಒಂದೊಳ್ಳೆ ಕಾದಂಬರಿ ತಂದುಕೊಡು ಅಂದ್ರೆ ತರಲ್ವಲ್ಲೇ" ಎಂದು ಮುನಿಸಿಕೊಳ್ಳುತ್ತಿದ್ದಳು.

ಅವಳು ಓದಿ ಬಂದ ಪ್ರೋಗ್ರಾಮರಲ್ಲ. ಆ ಕಂಪನಿಗೆ ಸೇರಿದ್ದು ಬೆರಳಚ್ಚು ಮಾಡಲು. ಯಂತ್ರ ಏನನ್ನು, ಯಾವ ಕ್ರಮದಲ್ಲಿ, ಎಷ್ಟು ಜಾಗದಲ್ಲಿ ಕಳಿಸಬೇಕು ಎಂದು ಹೇಳುವ ಇನ್ನೂರು ಪುಟದ ನಿಯಮಪುಸ್ತಕವನ್ನು ನಾಲ್ಕು ಸಲ ಮೊದಲಿನಿಂದ ಕೊನೆಯವರೆಗೆ ಅವಳೇ ಟೈಪು ಮಾಡಿದ್ದಳು, ಎಂಜಿನಿಯರುಗಳು ನಾಲ್ಕು ಸಲ ಮನಸ್ಸು ಬದಲಿಸಿದ್ದರಿಂದ. ನಾಲ್ಕನೆಯ ಸಲ ಅವಳು ಕಾಗದ ಹಿಡಿದುಕೊಂಡು ಹೋಗಿ, "ಸಾರ್, ಮೂವತ್ತೊಂದನೇ ಪುಟಕ್ಕೂ ನೂರಾ ಹನ್ನೆರಡನೇ ಪುಟಕ್ಕೂ ಜಗಳ ಆಗ್ತಿದೆ" ಎಂದಳು. ಎಂಜಿನಿಯರುಗಳು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಆ ಪುಸ್ತಕವನ್ನು ಪೂರ್ತಿ ಓದಿದವಳು ಇಡೀ ಕಟ್ಟಡದಲ್ಲಿ ಅವಳೊಬ್ಬಳೇ ಎಂಬುದು ಆಗ ಬಯಲಾಯಿತು. ಯಜಮಾನರು ಅವಳನ್ನು ಸಂಜೆಯ ತರಗತಿಗೆ ಕಳಿಸಿ ಕೋಡು ಬರೆಯುವುದನ್ನು ಕಲಿಸಿದರು. ಮೂವತ್ತೇಳು ತುಂಬುವ ಹೊತ್ತಿಗೆ ಲೈಬ್ರರಿ ಸಿದ್ಧವಾಯಿತು. ಮೊದಲು ತಮ್ಮ ಯಂತ್ರಕ್ಕೆ, ಆಮೇಲೆ ಬೇರೆಯವರ ಯಂತ್ರಗಳಿಗೆ, ಕೊನೆಗೆ ಎಲ್ಲೆಲ್ಲಿಯ ಆಸ್ಪತ್ರೆಗಳಿಗೆ ಅದು ಹೋಯಿತೋ ಅವಳಿಗೇ ಪೂರಾ ಗೊತ್ತಿರಲಿಲ್ಲ.

ಗೊತ್ತಿದ್ದದ್ದು ಒಂದು. ತನ್ನ ಗಂಟು ಸುಳ್ಳು ಹೇಳಿದರೆ ಯಾರದೋ ಉಸಿರು ನಿಂತದ್ದು ಯಾರಿಗೂ ತಿಳಿಯುವುದಿಲ್ಲ. ಅದಕ್ಕೇ ಅವಳು ನಾಲ್ಕು ಸಾವಿರ ಪರೀಕ್ಷೆಗಳನ್ನು ಬರೆದಿಟ್ಟಿದ್ದಳು. ಒಂದು ಅಂಕಿಯನ್ನು ಕಟ್ಟಿ, ಬಿಚ್ಚಿ, ಅದೇ ಅಂಕಿ ಹೊರಬಂತೇ ಎಂದು ನೋಡುವುದು. ನಾಡಿ ಇಪ್ಪತ್ತರಿಂದ ಮುನ್ನೂರರವರೆಗೆ, ಆಮ್ಲಜನಕ ಒಂದರಿಂದ ನೂರರವರೆಗೆ, ಒಂದನ್ನೂ ಬಿಟ್ಟಿರಲಿಲ್ಲ. ಪ್ರತಿದಿನ ಬೆಳಿಗ್ಗೆ ಬ್ಯಾಗು ಕೆಳಗಿಡುವ ಮೊದಲೇ ಪರೀಕ್ಷೆಗಳನ್ನು ಓಡಿಸುತ್ತಿದ್ದಳು. ನಾಲ್ಕು ಸಾವಿರವೂ ಪಾಸು. "ನನ್ನ ಗಂಟು ಇಲ್ಲೀವರೆಗೆ ಒಂದು ಸುಳ್ಳು ಹೇಳಿಲ್ಲ" ಎಂದು ಊಟದ ಕೋಣೆಯಲ್ಲಿ ಹೇಳಿಕೊಳ್ಳುವುದು ಅವಳ ಏಕಮಾತ್ರ ಜಂಬ. ಒಡವೆಯ ಜಂಬವಿಲ್ಲ, ಮಗಳ ಅಂಕಗಳ ಜಂಬವಿಲ್ಲ. ಇದೊಂದನ್ನು ಸಹಿಸಿಕೊಳ್ಳೋಣ ಎಂದು ಎಲ್ಲರೂ ತಲೆಯಾಡಿಸುತ್ತಿದ್ದರು.

ಆ ವಾರ ಅವಳ ತಮ್ಮನಿಗೆ ಅಪೆಂಡಿಕ್ಸ್ ಆಪರೇಷನ್ ಆಗಿತ್ತು. ತಮ್ಮ ಗೋಡೆಗೆ ಬಣ್ಣ ಹೊಡೆಯುವವನು, ನಲವತ್ತೆರಡರ ಆಸಾಮಿ, ಬಾಯಿಬಡುಕ. ಹನ್ನೆರಡು ಹಾಸಿಗೆಯ ವಾರ್ಡಿನಲ್ಲಿ ಕಿಟಕಿ ಪಕ್ಕದ ಏಳನೇ ಹಾಸಿಗೆ ಅವನದು. ಬಂದ ಎರಡನೇ ದಿನಕ್ಕೇ ವಾರ್ಡಿನ ಗೋಡೆಯ ಬಣ್ಣ ಎಲ್ಲೆಲ್ಲಿ ಕಿತ್ತುಬಂದಿದೆ ಎಂದು ಡಾಕ್ಟರಿಗೇ ಪಾಠ ಹೇಳಿದ್ದ. ಮೂರನೇ ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಗಂಟಕ್ಕ ಅವನಿಗೆ ಬದಲಾಯಿಸಲು ಬಟ್ಟೆ ತಂದಳು. ಅವನು ಕಣ್ಣು ಮುಚ್ಚಿ ಮಲಗಿದ್ದ. ಚೀಲವನ್ನು ಮಂಚದ ಕೆಳಗಿಟ್ಟು, ಮನೆಗೆ ಕಳಿಸುವುದು ಯಾವತ್ತು ಎಂದು ಕೇಳಲು ನರ್ಸಿನ ಮೇಜಿಗೆ ಬಂದಳು. ಅಲ್ಲಿ ಇಬ್ಬರು ಮೂವರು ತಮ್ಮ ಸರದಿಗೆ ಕಾಯುತ್ತಿದ್ದರು. ಅವಳೂ ನಿಂತಳು.

ನಿಂತಲ್ಲೇ ಪರದೆ ಕಂಡಿತು. ಅದರ ಕೆಳಗಿನ ಮೂಲೆಯಲ್ಲಿ ಇರುವೆಯಷ್ಟು ಚಿಕ್ಕ ಅಕ್ಷರದಲ್ಲಿ ತನ್ನ ಲೈಬ್ರರಿಯ ಹೆಸರೂ ಆವೃತ್ತಿಯ ಸಂಖ್ಯೆಯೂ ಕಂಡವು. ಇಷ್ಟು ವರ್ಷ ಕಟ್ಟಿ ಬಿಚ್ಚಿದರೂ ತನ್ನ ಗಂಟು ನಿಜವಾದ ರೋಗಿಗಳ ಮುಂದೆ ಕೆಲಸ ಮಾಡುವುದನ್ನು ಅವಳು ಕಣ್ಣಾರೆ ನೋಡಿದ್ದು ಅದೇ ಮೊದಲು. ಮೈ ಜುಮ್ಮೆಂದಿತು. ಹನ್ನೆರಡು ಹಸಿರು ಚೌಕಗಳು, ಒಂದೊಂದರಲ್ಲೂ ಎರಡು ಅಂಕಿ. ಮಗುವಿನ ಹೆಸರನ್ನು ಬಹುಮಾನದ ಪಟ್ಟಿಯಲ್ಲಿ ಕಂಡ ತಾಯಿಯ ಹಾಗೆ ಆಯಿತು ಅವಳಿಗೆ. ಸರದಿ ಬಂದಾಗ ಕೇಳಬೇಕಾದದ್ದನ್ನು ಬಿಟ್ಟು, "ಈ ಪರದೆ ಹೇಗಿದೆ ಸಿಸ್ಟರ್? ಚೆನ್ನಾಗಿ ಕೆಲಸ ಮಾಡುತ್ತಾ?" ಎಂದು ಕೇಳಿದಳು.

"ಇದಿಲ್ಲದಿದ್ರೆ ನನ್ನ ಕಾಲು ಬಿದ್ದು ಹೋಗ್ತಿತ್ತಮ್ಮ" ಎಂದರು ನರ್ಸು, ಬರೆಯುತ್ತಿದ್ದ ಹಾಳೆಯಿಂದ ತಲೆಯೆತ್ತದೆ. "ಹನ್ನೆರಡು ಜನ, ನಾನೊಬ್ಬಳು. ಇಲ್ಲಿ ಕೂತು ಒಂದು ಕಣ್ಣು ಇದರ ಮೇಲಿಟ್ಟಿದ್ರೆ ಸಾಕು."

ಗಂಟಕ್ಕನ ಮುಖ ಅರಳಿತು. ಇದನ್ನು ಬರೆದವಳು ನಾನೇ ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಬೆನ್ನ ಹಿಂದೆ ತಮ್ಮನ ದನಿ ಕೇಳಿಸಿತು.

"ಅಕ್ಕಾ, ಕೆಳಗಡೆ ಕಾಫಿ ಏನಾದ್ರೂ ಸಿಗುತ್ತಾ ನೋಡೇ."

ತಿರುಗಿ ನೋಡಿದರೆ, ಹೊಟ್ಟೆ ಹಿಡಿದುಕೊಂಡು, ಗೋಡೆಗೊರಗಿ, ಹಲ್ಲು ಬಿಟ್ಟುಕೊಂಡು ನಿಂತಿದ್ದಾನೆ.

"ಹೊಲಿಗೆ ಬಿಚ್ಚಿಕೊಂಡ್ರೆ ನಿನ್ನ ಹೆಂಡತಿಗೆ ನಾನು ಉತ್ತರ ಕೊಡಬೇಕಾ? ಎದ್ದಿದ್ದು ಯಾಕೆ?"

"ಬಾತ್‌ರೂಮಿಗೆ ಹೋಗಿದ್ದೆ. ಅದನ್ನೂ ಮಲಗಿಕೊಂಡೇ ಮಾಡು ಅಂತೀಯಾ?"

ನರ್ಸು ನಕ್ಕರು. ಗಂಟಕ್ಕನೂ ನಗಲಿದ್ದಳು. ಆದರೆ ಅವಳ ಕಣ್ಣು ಅದರ ಪಾಡಿಗೆ ಅದು ಪರದೆಯ ಮೇಲೆ ಹೋಗಿ ಏಳನೇ ಚೌಕದಲ್ಲಿ ಸಿಕ್ಕಿಹಾಕಿಕೊಂಡಿತು. ನಾಡಿ ಎಪ್ಪತ್ತೆರಡು. ಆಮ್ಲಜನಕ ತೊಂಬತ್ತೇಳು. ಹಸಿರು. ಎಲ್ಲಾ ಸರಿಯಾಗಿದೆ.

ಏಳನೇ ಹಾಸಿಗೆಯ ಮನುಷ್ಯ ಇಲ್ಲಿ, ತನ್ನ ಪಕ್ಕದಲ್ಲಿ, ಬರಿಗೈಯಲ್ಲಿ ನಿಂತಿದ್ದಾನೆ.

ಗಂಟಕ್ಕ ತಮ್ಮನ ಕೈ ಹಿಡಿದೆಳೆದು ಬೆರಳುಗಳನ್ನು ಒಂದೊಂದಾಗಿ ನೋಡಿದಳು. ಕ್ಲಿಪ್ಪಿಲ್ಲ. ವಾರ್ಡಿನ ಆ ತುದಿಯಲ್ಲಿ ಕಿಟಕಿ ಪಕ್ಕದ ಹಾಸಿಗೆ ಖಾಲಿ, ಹೊದಿಕೆ ಅರ್ಧ ನೆಲದ ಮೇಲೆ, ಕ್ಲಿಪ್ಪು ಮಂಚದ ಕಂಬಿಗೆ ನೇತಾಡುತ್ತಿದೆ. ಮತ್ತೆ ಪರದೆ ನೋಡಿದಳು. ಎಪ್ಪತ್ತೆರಡು, ತೊಂಬತ್ತೇಳು.

"ಕ್ಲಿಪ್ಪು ತೆಗೆದು ಎಷ್ಟು ಹೊತ್ತಾಯ್ತು?"

"ಹತ್ತು ನಿಮಿಷ ಆಗಿರಬಹುದು. ಯಾಕೇ?" ತಮ್ಮನೂ ಪರದೆ ನೋಡಿದ. ನೋಡಿ ಗಹಗಹಿಸಿದ, ಹೊಲಿಗೆ ಎಳೆದು ಅಯ್ಯೋ ಎಂದ, ಮತ್ತೆ ನಕ್ಕ. "ನಾನಿಲ್ದೇನೇ ನನ್ನ ನಾಡಿ ಹೊಡ್ಕೊಳ್ತಿದೆಯಲ್ಲೇ! ಇನ್ನು ನಾನು ಸತ್ರೂ ಚಿಂತೆಯಿಲ್ಲ ಬಿಡು."

ನರ್ಸಿನ ಪೆನ್ನು ನಿಂತಿತು. ನಗು ಎಲ್ಲಿತ್ತೋ ಅಲ್ಲೇ ಆರಿಹೋಯಿತು.

"ಹಾಸಿಗೆ ಹತ್ರದ ಯಂತ್ರ ಕೂಗಿಕೊಳ್ಳಲ್ವಾ ಸಿಸ್ಟರ್?" ಎಂದು ಕೇಳಿದಳು ಗಂಟಕ್ಕ.

"ಅಲ್ಲಿಯ ಸದ್ದು ನಿಲ್ಲಿಸಿರ್ತೀವಿ. ಹನ್ನೆರಡು ಯಂತ್ರ ಕೂಗಿದ್ರೆ ಯಾರು ನಿದ್ದೆ ಮಾಡ್ತಾರೆ? ಇಲ್ಲಿ ಕೆಂಪಾಗುತ್ತಲ್ಲ..." ಎನ್ನುತ್ತ ನರ್ಸು ಏಳನೇ ಚೌಕದ ಮೇಲೆ ಬೆರಳಿಟ್ಟರು. ಚೌಕ ಹಸಿರಾಗಿಯೇ ಇತ್ತು. "ಇಲ್ಲಿ ಕೆಂಪಾಗಬೇಕಿತ್ತಲ್ಲ!"

ಗಂಟಕ್ಕ ಉಳಿದ ಹನ್ನೊಂದು ಚೌಕಗಳನ್ನು ನೋಡಿದಳು. ಜೀವವಿರುವ ನಾಡಿ ಒಂದೇ ಅಂಕಿಗೆ ಕಚ್ಚಿಕೊಂಡಿರುವುದಿಲ್ಲ. ಎಂಬತ್ತೊಂದು, ಎಂಬತ್ತೆರಡು, ಮತ್ತೆ ಎಂಬತ್ತೊಂದು ಎಂದು ಅಲ್ಲಾಡುತ್ತಲೇ ಇರುತ್ತದೆ. ಒಂದು ಅಲ್ಲಾಡಿತು. ಎರಡು, ಮೂರು ಅಲ್ಲಾಡಿದವು. ನಾಲ್ಕನೆಯದು ಅಲ್ಲಾಡಲಿಲ್ಲ. ಅರವತ್ತನಾಲ್ಕು, ತೊಂಬತ್ತೈದು. ಅವಳು ಉಸಿರು ಬಿಗಿಹಿಡಿದು ಇಪ್ಪತ್ತು ಎಣಿಸಿದಳು. ಅರವತ್ತನಾಲ್ಕು, ತೊಂಬತ್ತೈದು.

ಓಡಿದಳು. ನಲವತ್ತೆಂಟರ ಹೆಂಗಸು ಚಪ್ಪಲಿ ಒಂದು ಕಡೆ, ಕಾಲು ಒಂದು ಕಡೆಯಾಗಿ ವಾರ್ಡಿನೊಳಗೆ ಓಡಿದ್ದನ್ನು ಕಂಡು ಎಲ್ಲರೂ ಎದ್ದು ಕೂತರು, ನಾಲ್ಕನೇ ಹಾಸಿಗೆಯ ಮುದುಕರೊಬ್ಬರನ್ನು ಬಿಟ್ಟು. ಅವರು ಬಾಯಿ ತೆರೆದು ಮಲಗಿದ್ದರು. ಕ್ಲಿಪ್ಪು ಬೆರಳಿನಿಂದ ಜಾರಿ ಹೊದಿಕೆಯ ಮಡಿಕೆಯಲ್ಲಿ ಬಿದ್ದಿತ್ತು. ಗಂಟಕ್ಕ ಮುದುಕರ ಕೈ ಹಿಡಿದಳು, ಅದು ತಣ್ಣಗಿತ್ತು. ಭುಜ ಹಿಡಿದು ಅಲ್ಲಾಡಿಸಿದಳು. ಇನ್ನೊಮ್ಮೆ, ಜೋರಾಗಿ ಅಲ್ಲಾಡಿಸಿದಳು.

ಮುದುಕರು ಒಂದು ಕಣ್ಣು ತೆರೆದರು. "ಯಾರಮ್ಮ ನೀನು? ಮನುಷ್ಯನ್ನ ಒಂದು ಗಳಿಗೆ ಮಲಗೋಕೆ ಬಿಡಲ್ವಾ?"

ಹುಟ್ಟಿದಾಗಿನಿಂದ ಅಷ್ಟು ಹಿತವಾದ ಬೈಗುಳವನ್ನು ಅವಳು ತಿಂದಿರಲಿಲ್ಲ. ಮುದುಕರ ಮಂಚದ ಮೇಲೇ ಕುಸಿದು ಕೂತಳು. ಹಿಂದಿನಿಂದ ಓಡಿಬಂದ ನರ್ಸು ಕ್ಲಿಪ್ಪು ಎತ್ತಿ ಹಾಕಿ, ಹನ್ನೆರಡು ಹಾಸಿಗೆಗೂ ಸುತ್ತಿ ಬಂದರು. ಎಲ್ಲರೂ ಇದ್ದರು. ನರ್ಸು ವಾಪಸು ಬಂದು ಗಂಟಕ್ಕನ ಎದುರು ಸೊಂಟಕ್ಕೆ ಕೈಕೊಟ್ಟು ನಿಂತು, "ಯಾರಮ್ಮ ನೀವು? ನಿಮಗೆ ಹೇಗೆ ಗೊತ್ತಾಯ್ತು ಇದು?" ಎಂದು ಕೇಳಿದರು.

ಸ್ವಲ್ಪ ಹೊತ್ತಿನ ಹಿಂದೆ ಜಂಬದಿಂದ ಹೇಳಹೊರಟಿದ್ದ ಮಾತನ್ನು ಗಂಟಕ್ಕ ಈಗ ತಲೆ ತಗ್ಗಿಸಿ ಹೇಳಿದಳು. "ಅದನ್ನ ಬರೆದವಳು ನಾನೇ ಸಿಸ್ಟರ್. ಎಲ್ಲಾ ಯಂತ್ರದ ಸದ್ದೂ ಹಾಕಿಬಿಡಿ. ಪರದೆ ನಂಬಬೇಡಿ."

"ಪರದೆ ನಂಬದೆ ಇನ್ನೇನು ನಂಬಲಿ?" ಎಂದರು ನರ್ಸು. ಅದು ಸಿಟ್ಟಲ್ಲ, ನಿಜವಾಗಿಯೂ ಕೇಳಿದ ಪ್ರಶ್ನೆ.

ಗಂಟಕ್ಕ ಕಚೇರಿಗೆ ಬಂದು ಬ್ಯಾಗನ್ನು ನೆಲಕ್ಕೆ ಬಿಟ್ಟು ಕೂತಳು. ತಪ್ಪು ಹುಡುಕಲು ಹತ್ತು ನಿಮಿಷ ಸಾಕಾಯಿತು. ಹನ್ನೊಂದು ವರ್ಷ ಕಾಣದಿದ್ದದ್ದು ಹತ್ತು ನಿಮಿಷಕ್ಕೆ ಸಿಕ್ಕಿತಲ್ಲ ಎಂಬುದೇ ಅವಳಿಗೆ ಕಪಾಳಮೋಕ್ಷದಂತಾಯಿತು.

ಲೈಬ್ರರಿ ಬರೆದ ಕಾಲದಲ್ಲಿ ಆಸ್ಪತ್ರೆಗಳ ನೆಟ್‌ವರ್ಕು ಬಡಕಲು. ದೊಡ್ಡ ಗಂಟು ಕಳಿಸಿದರೆ ಮಧ್ಯದಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಆಗ ಗಂಟಕ್ಕನಿಗೆ ಒಂದು ಉಪಾಯ ಹೊಳೆದಿತ್ತು. ನಾಡಿ ಹಿಂದಿನ ಸೆಕೆಂಡಿನಷ್ಟೇ ಇದ್ದರೆ ಅದನ್ನು ಮತ್ತೆ ಯಾಕೆ ಕಟ್ಟಬೇಕು? ಬದಲಾದದ್ದನ್ನು ಮಾತ್ರ ಕಟ್ಟೋಣ. ಬಿಚ್ಚುವ ಕಡೆ, ಗಂಟಿನಲ್ಲಿ ಯಾವುದು ಇಲ್ಲವೋ ಅದು ಹಿಂದಿನಂತೆಯೇ ಇದೆ ಎಂದುಕೊಂಡರಾಯಿತು. ಗಂಟಿನ ಗಾತ್ರ ಮೂರನೇ ಒಂದು ಭಾಗಕ್ಕಿಳಿದಿತ್ತು. ಯಜಮಾನರು ಎಲ್ಲರನ್ನೂ ಕರೆದು ಚಪ್ಪಾಳೆ ತಟ್ಟಿಸಿದ್ದರು.

ಆದರೆ ಕ್ಲಿಪ್ಪು ಬಿದ್ದರೆ? ಯಂತ್ರಕ್ಕೆ ನಾಡಿ ಸಿಗುವುದಿಲ್ಲ. ಸಿಗದ್ದನ್ನು ಕಟ್ಟಲಾಗುವುದಿಲ್ಲ, ಆದ್ದರಿಂದ ಕಟ್ಟುವ ಕೋಡು ನಾಡಿಯನ್ನು ಬಿಟ್ಟು ಉಳಿದದ್ದನ್ನು, ಅಂದರೆ ಗಡಿಯಾರ, ಬ್ಯಾಟರಿ ಇತ್ಯಾದಿ ಕಟ್ಟಿ ಕಳಿಸುತ್ತದೆ. ಬಿಚ್ಚುವ ಕೋಡು ನೋಡುತ್ತದೆ. ಗಂಟು ಬಂದಿದೆ, ಯಂತ್ರ ಚೆನ್ನಾಗಿದೆ, ನಾಡಿ ಇಲ್ಲ, ಅಂದರೆ ಬದಲಾಗಿಲ್ಲ, ಹಳೆಯದನ್ನೇ ತೋರಿಸೋಣ. ಕ್ಲಿಪ್ಪು ಬಿದ್ದರೂ ಅಷ್ಟೇ, ಕ್ಲಿಪ್ಪಿಗೆ ಸಿಗದಷ್ಟು ನಾಡಿ ಕ್ಷೀಣಿಸಿದರೂ ಅಷ್ಟೇ, ನಾಡಿ ನಿಂತೇ ಹೋದರೂ ಅಷ್ಟೇ. ಮನುಷ್ಯ ಚೆನ್ನಾಗಿದ್ದ ಕೊನೆಯ ಗಳಿಗೆ ಪರದೆಯ ಮೇಲೆ ಹಸಿರಾಗಿ ನಿಂತಿರುತ್ತದೆ.

ನಾಲ್ಕು ಸಾವಿರ ಪರೀಕ್ಷೆಗಳಲ್ಲಿ ಒಂದಾದರೂ ಇದನ್ನು ಹಿಡಿಯಬೇಡವೇ? ಅವಳು ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದಳು. ಇಪ್ಪತ್ತು ಕಟ್ಟಿ ಬಿಚ್ಚಿದರೆ ಇಪ್ಪತ್ತು. ಇಪ್ಪತ್ತೊಂದು ಕಟ್ಟಿ ಬಿಚ್ಚಿದರೆ ಇಪ್ಪತ್ತೊಂದು. ಏನೂ ಇಲ್ಲದ್ದನ್ನು ಕಟ್ಟಿ ಬಿಚ್ಚಿದರೆ ಏನು ಬರುತ್ತದೆ ಎಂದು ಅವಳು ಒಂದು ಸಲವೂ ಕೇಳಿರಲಿಲ್ಲ. ಕಟ್ಟಿದವಳೂ ತಾನೇ, ಬಿಚ್ಚಿದವಳೂ ತಾನೇ, ಪರೀಕ್ಷೆ ಮಾಡಿದವಳೂ ತಾನೇ. ಎರಡು ಕೈಗೂ ತಲೆ ಒಂದೇ ಆಗಿದ್ದರಿಂದ ಒಂದು ಕೈ ಮಾಡಿದ ತಪ್ಪನ್ನು ಇನ್ನೊಂದು ಕೈ ಸರಿಯೆಂದು ಒಪ್ಪಿಕೊಂಡು ಕೂತಿತ್ತು. ಬೇರೆ ಯಾರಾದರೂ ಪೆದ್ದ ಒಂದು ಕಡೆಯನ್ನು ಬರೆದಿದ್ದರೂ ಜಗಳವಾಗಿ ವಿಷಯ ಹೊರಬೀಳುತ್ತಿತ್ತು. ಜಾಣೆ ಒಬ್ಬಳೇ ಬರೆದದ್ದಕ್ಕೆ ಹೀಗಾಯಿತು.

ಇದು ಹನ್ನೊಂದು ವರ್ಷಗಳಲ್ಲಿ ಬೇರೆಲ್ಲೂ, ಯಾರಿಗೂ, ಒಮ್ಮೆಯೂ ಕಾಣದೆ ಇದ್ದೀತೇ? ಹಳೆಯ ದೂರುಗಳ ಪೆಟ್ಟಿಗೆಯನ್ನು ತೆರೆದು, ಕ್ಲಿಪ್ಪು, ನಾಡಿ, ಹಸಿರು ಎಂದು ಹುಡುಕುತ್ತ ಹೋದಳು. ಇರಬಾರದು, ಇರಬಾರದು ಎಂದುಕೊಳ್ಳುತ್ತಲೇ ಹುಡುಕಿದಳು.

ಇತ್ತು. ಮೂರು ವರ್ಷದ ಹಿಂದಿನದು. ಬರೆದದ್ದು ದೂರದ ಯಾವುದೋ ಆಸ್ಪತ್ರೆಯ ಒಬ್ಬ ನರ್ಸು. ಹದಿನಾಲ್ಕು ಸಾಲು, ತಪ್ಪಿಲ್ಲದ, ವಿನಯದ ಭಾಷೆ. ಮಧ್ಯಾಹ್ನ ಎರಡು ಗಂಟೆಗೆ ನಾನು ಮೇಜಿನ ಬಳಿ ಪರದೆ ನೋಡುತ್ತ ಕೂತಿದ್ದೆ. ಮೂರನೇ ಹಾಸಿಗೆಯ ರೋಗಿಯ ನಾಡಿ ಎಂಬತ್ತೆಂಟು, ಆಮ್ಲಜನಕ ತೊಂಬತ್ತಾರು ಎಂದಿತ್ತು. ಔಷಧಿ ಕೊಡಲು ಹೋದಾಗ ರೋಗಿ ತೀರಿಕೊಂಡಿದ್ದರು. ಹಾಸಿಗೆ ಪಕ್ಕದ ಯಂತ್ರದಲ್ಲಿ ಹತ್ತೊಂಬತ್ತು ನಿಮಿಷಗಳಿಂದ ಅಳತೆ ಸಿಕ್ಕಿಲ್ಲ ಎಂದು ದಾಖಲಾಗಿದೆ. ಆದರೆ ಪರದೆಯಲ್ಲಿ ಅಷ್ಟೂ ಹೊತ್ತು ಅಂಕಿ ಇತ್ತು, ನಾನು ಕಂಡಿದ್ದೇನೆ. ರೋಗಿಗೆ ಮೂವತ್ತನಾಲ್ಕು ವರ್ಷ. ದಯವಿಟ್ಟು ಪರಿಶೀಲಿಸಿ ಉತ್ತರ ಕೊಡಿ, ನಿಮ್ಮ ಉತ್ತರದ ಮೇಲೆ ನನ್ನ ಕೆಲಸ ನಿಂತಿದೆ. ಕೊನೆಯಲ್ಲಿ ಫೋನ್ ನಂಬರು.

ಅದರ ಕೆಳಗೆ ಉತ್ತರ. "ಯಂತ್ರದಿಂದ ಬಂದ ಸಂದೇಶದಲ್ಲಿ ಇರುವುದನ್ನೇ ಪರದೆ ತೋರಿಸುತ್ತದೆ. ಎಲ್ಲ ಪರೀಕ್ಷೆಗಳೂ ಸರಿಯಾಗಿವೆ. ದೋಷ ಕಂಡುಬಂದಿಲ್ಲ. ದೂರನ್ನು ಮುಚ್ಚಲಾಗಿದೆ." ಬರೆದವರ ಜಾಗದಲ್ಲಿ ಅವಳದೇ ಹೆಸರು. ದೂರು ತೆರೆದದ್ದು ಹನ್ನೊಂದು ಗಂಟೆ ಆರು ನಿಮಿಷಕ್ಕೆ, ಮುಚ್ಚಿದ್ದು ಹನ್ನೊಂದು ಹತ್ತಕ್ಕೆ.

ನಾಲ್ಕು ನಿಮಿಷ.

ಎಷ್ಟು ನೆನಪು ಮಾಡಿಕೊಂಡರೂ ಅವಳಿಗೆ ಆ ದಿನ ನೆನಪಿಗೆ ಬರಲಿಲ್ಲ. ಜ್ವರವಿತ್ತೇ, ಗಂಡನ ಜೊತೆ ಮಾತು ಬಿಟ್ಟಿದ್ದಳೇ, ಬೇರೇನಾದರೂ ಅವಸರವಿತ್ತೇ? ಏನೂ ಇರಲಿಲ್ಲ. ಅದೊಂದು ಮಾಮೂಲಿ ದಿನ. ಬೆಳಿಗ್ಗೆ ನಾಲ್ಕು ಸಾವಿರವೂ ಪಾಸಾಗಿದ್ದವು, ಅಷ್ಟೇ. ಹದಿನಾಲ್ಕು ಸಾಲಿನಲ್ಲಿ ಒಬ್ಬ ಹೆಂಗಸು ತಪ್ಪು ಎಲ್ಲಿದೆಯೆಂದು ಬೆರಳಿಟ್ಟು ತೋರಿಸಿದ್ದಳು. ತಾನು ಆ ಬೆರಳನ್ನು ಪಕ್ಕಕ್ಕೆ ಸರಿಸಿ ಬಾಗಿಲು ಹಾಕಿದ್ದಳು. ಕೆಟ್ಟವರು ಮಾಡುವ ಕೆಲಸ ಅಂದುಕೊಂಡಿದ್ದದ್ದನ್ನು ತಾನು ಕಾಫಿ ಕುಡಿಯುತ್ತ ಮಾಡಿದ್ದಳು. ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು.

ಯಜಮಾನರು ಅವಳ ಮಾತನ್ನು ನಿಂತುಕೊಂಡೇ ಕೇಳತೊಡಗಿದವರು ಅರ್ಧಕ್ಕೆ ಬರುವಷ್ಟರಲ್ಲಿ ಕೂತುಬಿಟ್ಟರು. ಅವರೇನೂ ರಾಕ್ಷಸರಲ್ಲ. ಕನ್ನಡಕ ತೆಗೆದು ಮುಖ ಒರೆಸಿಕೊಂಡರು. ಆಮೇಲೆ ಅಂದರು, "ಮೊದಲು ಸರಿ ಮಾಡು. ಮುಂದಿನ ಆವೃತ್ತಿಯಲ್ಲಿ ಒಂದು ಸಣ್ಣ ಸುಧಾರಣೆ ಅಂತ ಹಾಕೋಣ. ಒಂದು ವಾರ ಕೊಡು ನನಗೆ, ವಕೀಲರ ಹತ್ರ ಮಾತಾಡ್ತೀನಿ."

"ಒಂದು ವಾರ ಆ ಪರದೆಗಳ ಮುಂದೆ ನರ್ಸುಗಳು ಕೂತಿರ್ತಾರಲ್ಲ ಸಾರ್. ಅವರಿಗೆ ಯಾರು ಹೇಳ್ತಾರೆ?"

"ಎಲ್ಲರಿಗೂ ತಿಳಿಸಿದ್ರೆ ಈ ಕಂಪನಿ ಉಳಿಯುತ್ತಾ ಗಂಟಕ್ಕ? ನೀನು ಉಳೀತೀಯಾ?"

"ನಾನು ಉಳಿಯೋದು ಬೇಡ ಸಾರ್. ಮೂವತ್ತನಾಲ್ಕು ವರ್ಷದವರು ಹೋಗಿಬಿಟ್ಟಿದ್ದಾರೆ."

ಬೇಗ ಓಡಿಹೋಗಿದ್ದರೆ ಆ ರೋಗಿ ಬದುಕುತ್ತಿದ್ದರೇ ಇಲ್ಲವೇ ಎಂಬುದನ್ನು ಯಾವ ಡಾಕ್ಟರೂ ಇನ್ನು ಹೇಳಲಾರ. ಅದು ಗಂಟಕ್ಕನಿಗೂ ಗೊತ್ತಿತ್ತು. ಆ ಹತ್ತೊಂಬತ್ತು ನಿಮಿಷ ಅವರಿಗೆ ಸಿಗಲಿಲ್ಲ ಎಂಬುದಷ್ಟೇ ಗಟ್ಟಿ. ಯಜಮಾನರು ಕನ್ನಡಕವನ್ನು ಒರೆಸಿ ಮತ್ತೆ ಹಾಕಿಕೊಂಡರು. ಕೊನೆಗೆ, "ಕಳಿಸು. ನನ್ನ ಹೆಸರೂ ಹಾಕು" ಎಂದರು.

ಲೈಬ್ರರಿ ಬಳಸುವ ಎಲ್ಲರಿಗೂ ಒಟ್ಟಿಗೆ ಹೋಗುವ ಎಚ್ಚರಿಕೆಯನ್ನು ಅವಳು ಐದು ಸಾಲಿನಲ್ಲಿ ಬರೆದಳು. ಅಳತೆ ಸಿಗದಿದ್ದಾಗಲೂ ನಮ್ಮ ಲೈಬ್ರರಿ ಹಳೆಯ ಅಂಕಿಯನ್ನೇ ತೋರಿಸುತ್ತದೆ. ಸರಿಪಡಿಸಿದ ಆವೃತ್ತಿ ಬರುವವರೆಗೆ ಪರದೆಯನ್ನು ನಂಬಬೇಡಿ, ಹಾಸಿಗೆ ಪಕ್ಕದ ಸದ್ದನ್ನು ಹಾಕಿಡಿ. ತಪ್ಪು ಯಂತ್ರದ್ದಲ್ಲ, ನರ್ಸುಗಳದ್ದಲ್ಲ, ನನ್ನದು. ಕಳಿಸಿದ ಮೇಲೆ ದೂರಿನ ಕೊನೆಯಲ್ಲಿದ್ದ ನಂಬರನ್ನು ಒತ್ತಿದಳು. ಮೂರು ವರ್ಷದ ಹಿಂದಿನ ನಂಬರು, ಯಾರೂ ಎತ್ತದಿದ್ದರೆ ಚೆನ್ನ ಎಂದು ಒಳಗೊಂದು ಹೇಡಿತನ ಬೇಡಿಕೊಳ್ಳುತ್ತಿತ್ತು.

ಎತ್ತಿದರು. ಹಿಂದೆ ಹೊಲಿಗೆ ಯಂತ್ರಗಳ ಸದ್ದು. "ಯಾರು ಮಾತಾಡೋದು?"

ತಾನು ಯಾರು, ಯಾವ ಕಂಪನಿಯವಳು ಎಂದು ಗಂಟಕ್ಕ ಹೇಳಿದಳು. ಆ ಕಡೆಯವರಿಗೆ ಕಂಪನಿಯ ಹೆಸರು ಕೂಡಲೇ ನೆನಪಾಯಿತು. "ನೀವು ಅವತ್ತು ಉತ್ತರ ಕೊಟ್ಟಿದ್ರಲ್ಲಮ್ಮ. ದೋಷ ಇಲ್ಲ ಅಂತ. ಮತ್ತೆ ಈಗ ಯಾಕೆ?" ದನಿಯಲ್ಲಿ ಸಿಟ್ಟಿರಲಿಲ್ಲ, ಹಳೆಯ ಹೆದರಿಕೆ ಇತ್ತು. ಮತ್ತೇನಾದರೂ ತಪ್ಪು ಹೊರಿಸಲು ಫೋನು ಮಾಡಿದ್ದಾರೆಂದೇ ಅವರು ತಿಳಿದ ಹಾಗಿತ್ತು.

"ನೀವು ಈಗಲೂ ಆಸ್ಪತ್ರೇಲೇ ಇದ್ದೀರಾ?" ಎಂದಳು ಗಂಟಕ್ಕ, ಉತ್ತರ ಗೊತ್ತಿದ್ದೂ.

"ಇಲ್ಲಮ್ಮ. ರೆಡಿಮೇಡ್ ಬಟ್ಟೆ ಹೊಲಿಯೋ ಕಡೆ ಇದ್ದೀನಿ. ಗುಂಡಿ ಹಚ್ಚೋದು. ಅವತ್ತು ನಿಮ್ಮ ಉತ್ತರವನ್ನ ನಮ್ಮ ದೊಡ್ಡ ಡಾಕ್ಟರು ಎಲ್ಲರ ಮುಂದೆ ಓದಿದ್ರು. ಪರದೆ ಸರಿಯಾಗಿದೆ ಅಂತ ಮಾಡಿದವರೇ ಹೇಳಿದ್ದಾರೆ, ಯಂತ್ರದಲ್ಲಿ ಹತ್ತೊಂಬತ್ತು ನಿಮಿಷ ಅಳತೆ ಇಲ್ಲ, ಹಾಗಾದ್ರೆ ಪರದೆ ಕೆಂಪಾಗೇ ಆಗಿರುತ್ತೆ, ನೀನು ನೋಡಿಲ್ಲ. ಊಟ ಆದ್ಮೇಲೆ ನಿದ್ದೆ ಹೋಗಿದ್ದೀಯ ಅಂದ್ರು. ನಾನು ಎಷ್ಟೋ ಹೇಳಿದೆ. ಕೊನೆಗೆ ನಿದ್ದೆ ಬಂದುಬಿಟ್ಟಿತ್ತು ಅಂತ ಬರೆದು ಸಹಿ ಹಾಕಿಕೊಟ್ಟೆ."

"ನಿದ್ದೆ ಮಾಡಿರಲಿಲ್ಲವಲ್ಲ, ಮತ್ತೆ ಯಾಕೆ ಬರೆದುಕೊಟ್ರಿ?"

"ಎಲ್ಲರೂ ಹಾಗೇ ಹೇಳ್ತಿದ್ರೆ ಏನು ಮಾಡ್ಲಿ? ದಿನಾ ಅದನ್ನೇ ಯೋಚನೆ ಮಾಡಿ ಮಾಡಿ ನನಗೂ ಹಾಗೇ ಅನ್ನಿಸೋಕೆ ಶುರುವಾಯ್ತು. ಕಣ್ಣು ಹತ್ತಿತ್ತೇನೋ. ಎಂಬತ್ತೆಂಟು ಅಂತ ಕನಸಲ್ಲಿ ಕಂಡಿದ್ದೆನೇನೋ. ಆ ರೋಗಿಯ ಮನೆಯವರು ಬಾಗಿಲ ಹತ್ರ ನಿಂತು ನನ್ನನ್ನ ನೋಡಿದ್ರು. ಬೈಯಲಿಲ್ಲ, ಸುಮ್ಮನೆ ನೋಡಿದ್ರು. ನಾನೇ ಒಬ್ಬರನ್ನ ಕೊಂದೆ ಅಂತ ಅಂದ್ಕೊಂಡೇ ಬದುಕ್ತಿದ್ದೀನಿ ಅಮ್ಮ."

ಬೆಳಿಗ್ಗೆಯಿಂದ ಬಿದ್ದ ಏಟುಗಳೆಲ್ಲ ಇದರ ಮುಂದೆ ಏಟೇ ಅಲ್ಲ. ನರ್ಸಿನ ಕೆಲಸ ಹೋಗಿರಬಹುದು ಎಂದು ಗಂಟಕ್ಕ ಅಂದಾಜು ಮಾಡಿದ್ದಳು. ನಾಲ್ಕು ನಿಮಿಷದಲ್ಲಿ ಬರೆದ ತನ್ನ ಉತ್ತರ ಒಬ್ಬ ಹೆಂಗಸಿನ ಕಣ್ಣಿನ ಮೇಲೇ ಅವಳಿಗೆ ನಂಬಿಕೆ ಇಲ್ಲದಂತೆ ಮಾಡಿರಬಹುದು ಎಂದು ಅಂದುಕೊಂಡಿರಲಿಲ್ಲ.

"ಸಿಸ್ಟರ್, ಕೇಳಿ. ಅವತ್ತು ಪರದೆಯಲ್ಲಿ ಎಂಬತ್ತೆಂಟೇ ಇತ್ತು. ಕೊನೇವರೆಗೂ ಹಸಿರಾಗೇ ಇತ್ತು. ತಪ್ಪು ಲೈಬ್ರರೀದು, ಅದನ್ನ ಬರೆದವಳು ನಾನು. ನೀವು ದೂರು ಕೊಟ್ರೂ ನೋಡದೆ ಮುಚ್ಚಿದವಳೂ ನಾನೇ. ನೀವು ಎಚ್ಚರವಾಗೇ ಇದ್ರಿ. ನೀವು ಕಂಡಿದ್ದು ನಿಜ. ಇದನ್ನ ನಿಮ್ಮ ಆಸ್ಪತ್ರೆಗೂ ಬರೆದು ಸಹಿ ಹಾಕಿ ಕಳಿಸ್ತೀನಿ, ತೀರಿಕೊಂಡವರ ಮನೆಯವರಿಗೂ ನಾನೇ ಹೋಗಿ ಹೇಳ್ತೀನಿ."

ಆ ಕಡೆ ಹೊಲಿಗೆ ಯಂತ್ರಗಳ ಸದ್ದು ದೂರವಾಯಿತು, ಬಾಗಿಲೊಂದು ಮುಚ್ಚಿಕೊಂಡಿತು. ಯಾರೋ ಬಾಯಿಗೆ ಬಟ್ಟೆ ಅಡ್ಡ ಹಿಡಿದುಕೊಂಡು ಅಳುವ ಸದ್ದು ಕೇಳಿಸಿತು. ಗಂಟಕ್ಕ ಫೋನನ್ನು ಕಿವಿಗೆ ಒತ್ತಿ ಹಿಡಿದು ಕಾದಳು. ಕ್ಷಮಿಸಿ ಎಂದು ಕೇಳಿ ಆ ಹೆಂಗಸಿನ ಮೇಲೆ ಇನ್ನೊಂದು ಹೊರೆ ಹೊರಿಸುವುದು ಅವಳಿಗೆ ಬೇಡವಾಗಿತ್ತು.

"ನಾನು ಎಚ್ಚರವಾಗಿದ್ದೆ" ಎಂದರು ನರ್ಸು ಕೊನೆಗೆ, ಯಾರಿಗೋ ಹೇಳುವಂತೆ.

"ಎಚ್ಚರವಾಗಿದ್ರಿ."

"ಈ ಫೋನು ಇಡಬೇಡಿ ಅಮ್ಮ. ನಾನೀಗ ಮನೆಗೆ ಹೊರಡ್ತೀನಿ, ಇಲ್ಲೇ ಎರಡು ಬೀದಿ ಆಚೆ. ನನ್ನ ಮಗಳು ಕಾಲೇಜಿಂದ ಬಂದಿರ್ತಾಳೆ. ಅವಳೂ ಮೂರು ವರ್ಷದಿಂದ ನಮ್ಮಮ್ಮ ನಿದ್ದೆ ಮಾಡಿ ಒಬ್ಬರನ್ನ ಸಾಯಿಸಿದ್ಲು ಅಂತಲೇ ತಿಳ್ಕೊಂಡಿದ್ದಾಳೆ. ಈಗ ಹೇಳಿದ್ದನ್ನ ಅವಳ ಮುಂದೆ ಇನ್ನೊಂದು ಸಲ ಹೇಳಿ."

ಗಂಟಕ್ಕ ಫೋನು ಇಡಲಿಲ್ಲ. ಆ ಕಡೆ ಅವಸರದ ಹೆಜ್ಜೆಗಳು, ಬೀದಿಯ ವಾಹನಗಳು, ಮೆಟ್ಟಿಲು ಹತ್ತುವ ಏದುಸಿರು. ಆಮೇಲೆ ಬಾಗಿಲು ಬಡಿದ ಸದ್ದು, "ಯಾಕಮ್ಮಾ, ಏನಾಯ್ತು?" ಎಂಬ ಎಳೆಯ ದನಿ. ಗಂಟಕ್ಕ ತನ್ನ ಹೆಸರು ಹೇಳಿ, ಮೊದಲಿನಿಂದ ಶುರುಮಾಡಿದಳು.